ಅಡುಗೆಯವಳಿಗೆ ರಜೆ

ಬಾಚಣಿಗೆ ಎಲ್ಲೂ ತಡೆಯದೆ ಇಳಿಯಿತು. ಗಿರಿಜಾ ಕೈ ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಮೊನ್ನೆಯವರೆಗೂ ತಲೆಗೆ ಬಾಚಣಿಗೆ ಸೋಕಿದರೆ ಸಾಕು, ವೇದವತಮ್ಮ ಎರಡೂ ಕೈಯಿಂದ ಹೊಡೆಯುತ್ತಿದ್ದರು. ‘ಕಳ್ಳಿ, ನನ್ನ ಕೂದಲು ಕೀಳ್ತಾಳೆ’ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಈಗ ಚಾಪೆಯ ಮೇಲೆ ಮಲಗಿದ್ದ ಅವರು, ಮಗಳು ಹಿಂದಕ್ಕೆ ಬಾಚಿ, ಬೆಳ್ಳಗಿನ ಕೂದಲನ್ನು ಸಣ್ಣದೊಂದು ಗಂಟು ಹಾಕುವವರೆಗೂ ಸುಮ್ಮನಿದ್ದರು.

ಆದರೂ ಗಿರಿಜಾ ಇನ್ನೊಮ್ಮೆ ಬಾಚಿದಳು.

“ಗಿರಿಜಾ, ಏಬಾರ್ ಓಠೋ,” ಸಾಕು, ಇನ್ನೇಳು ಎಂದು ಬಂಗಾಳಿಯಲ್ಲಿ ಹೇಳುತ್ತಾ ಕೆಳಮನೆಯ ಲಾವಣ್ಯದಿ ಭುಜ ಹಿಡಿದು ಅವಳನ್ನು ಎಬ್ಬಿಸಿದರು. ಲಾವಣ್ಯದಿ ವಿಧವೆ. ಗಿರಿಜಾ ಆಫೀಸಿಗೆ ಹೋದಾಗ ಹಗಲೆಲ್ಲ ವೇದವತಮ್ಮನ ಜೊತೆ ಕೂರುತ್ತಿದ್ದವರು ಅವರೇ.

ಟಾಲಿಗಂಜಿನ ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ಆ ಮನೆ. ಹೊರಗೆ ಮೆಟ್ಟಿಲ ಮೇಲೆ ಬಂದವರೆಲ್ಲ ಶಾಲು ಹೊದ್ದು ಕೂತಿದ್ದರು. ಲೇಕ್ ಮಾರ್ಕೆಟ್ ಹತ್ತಿರ ಹೋಟೆಲು ನಡೆಸುವ ವಿಷ್ಣುಮೂರ್ತಿ ಚಟ್ಟದ ಬಿದಿರು, ಪುರೋಹಿತರು, ಗಾಡಿ ಎಲ್ಲವನ್ನೂ ಬೆಳಗಾಗುವುದರೊಳಗೆ ಗೊತ್ತುಮಾಡಿ ಬಂದಿದ್ದರು. ಅವರ ಊರು ಉಡುಪಿಯ ಕಡೆ. ಗಿರಿಜಾ ಬಾಗಿಲಿಗೆ ಬಂದದ್ದು ಕಂಡು ಎದ್ದು ನಿಂತರು.

“ಅಕ್ಕಾ, ರೈಲು ಲೇಟಂತೆ. ನಿಮ್ಮ ಅಣ್ಣ ಬಂದು ಮುಟ್ಟುವಾಗ ಮಧ್ಯಾಹ್ನ ಆದೀತು. ನೀವೊಂದು ಲೋಟ ಚಾ ಆದ್ರೂ ಕುಡೀರಿ.”

“ಬರ್ತಾನಾ ವಿಷ್ಣುಮೂರ್ತಿಗಳೇ? ಎರಡು ವರ್ಷವಾಯ್ತು ಅವನು ಈ ಮೆಟ್ಟಿಲು ಹತ್ತಿ.”

“ಎಂಥ ಮಾತು ಮಾರಾಯ್ರೆ! ಹೆತ್ತ ತಾಯಿ. ಬಾರದೆ ಇರ್ತಾರಾ?”

ಅವಳು ಚಹಾ ತೆಗೆದುಕೊಂಡು ಒಳಗೆ ಹೋದಳು. ವಿಷ್ಣುಮೂರ್ತಿ ಪಕ್ಕದಲ್ಲಿದ್ದವರ ಕಡೆ ತಿರುಗಿ, ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದರು.

“ನಾನು ಊರು ಬಿಟ್ಟು ಬಂದ ವರ್ಷ. ದೀಪಾವಳಿ ದಿವಸ ಹೋಟೆಲಿನ ಹಿಂದೆ ಪಾತ್ರೆ ತೊಳೀತಾ ಅಳ್ತಾ ಇದ್ದೆ. ಈ ಅಮ್ಮ ಖಿದಿರ್‌ಪುರದಿಂದ ಟ್ರಾಮಿನಲ್ಲಿ ಬಂದ್ರು, ಕೈಯಲ್ಲೊಂದು ಗಿಂಡಿ, ಗಿಂಡಿ ತುಂಬ ಹರಳೆಣ್ಣೆ. ‘ಕನ್ನಡದ ಮಕ್ಕಳು ಎಷ್ಟು ಜನ ಇದ್ದೀರೋ, ಸಾಲಾಗಿ ಕೂತ್ಕೊಳ್ಳಿ’ ಅಂದ್ರು. ಎಲ್ಲರ ನೆತ್ತಿಗೂ ಎಣ್ಣೆ ಹಾಕಿ ತಟ್ಟಿ ಹೋದ್ರು. ಯಾರ ಹೆಸರೂ ಕೇಳ್ಲಿಲ್ಲ. ಜಾತಿಯೂ ಕೇಳ್ಲಿಲ್ಲ. ಮತ್ತೆ ಪ್ರತಿ ವರ್ಷವೂ ಬಂದ್ರು. ನಾನು ಸ್ವಂತ ಹೋಟೆಲು ಹಾಕಿದ ಮೇಲೂ ಬಿಡ್ಲಿಲ್ಲ, ಗಲ್ಲಾದಿಂದ ಎಬ್ಬಿಸಿ ಹಚ್ಚಿದವರು.”

ಕೇಳುತ್ತಿದ್ದವರಲ್ಲಿ ಇಬ್ಬರು, ತಮಗೂ ಹಚ್ಚಿದ್ದರು ಎಂದು ತಲೆದೂಗಿದರು.

* * *

ವೇದವತಿ ಹುಟ್ಟಿದ್ದು ಅರಕಲಗೂಡಿನಲ್ಲಿ. ಮದುವೆಯಾಗಿ ಬಂದದ್ದು ಖಿದಿರ್‌ಪುರದ ಹಡಗುಕಟ್ಟೆಯ ಹತ್ತಿರದ ಒಂದು ಓಣಿಗೆ. ಗಂಡ ಅಲ್ಲಿಯ ಆಫೀಸಿನಲ್ಲಿ ಗುಮಾಸ್ತ. ಆ ಓಣಿಯಲ್ಲಿ ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳುತ್ತಿರಲಿಲ್ಲ. ಬಾಗಿಲಿಗೆ ದಿನವೂ ಬರುತ್ತಿದ್ದ ಮೀನಿನವಳಿಂದ ಒಂದು ದಿನವೂ ಮೀನು ಕೊಳ್ಳದೆ, ಜಗಲಿಯ ಮೇಲೆ ಕೂರಿಸಿಕೊಂಡು ನೀರು ಮಜ್ಜಿಗೆ ಕೊಟ್ಟು, ಅವಳಿಂದಲೇ ಬಂಗಾಳಿ ಕಲಿತರು. ಮಗ ಬಾಲಚಂದ್ರ, ಮಗಳು ಗಿರಿಜಾ ಹುಟ್ಟಿದರು. ಗಂಡ ತೀರಿಕೊಂಡರು. ಮಗ ಸಂಸಾರವಂದಿಗನಾಗಿ ರೂರ್ಕೆಲಾದ ಉಕ್ಕಿನ ಕಾರ್ಖಾನೆ ಸೇರಿದ. ಮಗಳಿಗೆ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಕೆಲಸವಾಯಿತು. ಬಂದ ಗಂಡುಗಳೆಲ್ಲ ‘ಅಮ್ಮನನ್ನೂ ಕರೆತರುತ್ತೀಯಾ’ ಎಂದು ಕೇಳಿ ಹೊರಟುಹೋದ ಮೇಲೆ, ಮದುವೆಯ ಮಾತು ತಾನಾಗಿಯೇ ನಿಂತಿತು. ತಾಯಿ ಮಗಳು ಟಾಲಿಗಂಜಿನ ಕ್ವಾರ್ಟರ್ಸಿಗೆ ಬಂದರು. ಏಕಾದಶಿ ಯಾವತ್ತು, ಗೌರಿ ಹಬ್ಬ ಯಾವತ್ತು ಎಂದು ಸುತ್ತಲಿನ ಕನ್ನಡದವರು ಕೇಳಿಕೊಂಡು ಬರುತ್ತಿದ್ದದ್ದು ವೇದವತಮ್ಮನ ಬಳಿಗೇ.

ಯುದ್ಧ ನಡೆದ ಎಪ್ಪತ್ತೊಂದರ ಡಿಸೆಂಬರು. ಸಂಜೆಯಾದರೆ ವಿಮಾನದಾಳಿಯ ಭಯಕ್ಕೆ ಊರಿಗೆ ಊರೇ ದೀಪ ಆರಿಸಿ ಕೂರುತ್ತಿತ್ತು. ಒಂದು ಸಂಜೆ ಆಫೀಸಿನಿಂದ ಬರುತ್ತಿದ್ದ ಗಿರಿಜಾ ಓಣಿಯ ತಿರುವಿನಲ್ಲಿ ತಲೆಯೆತ್ತಿ ನೋಡಿದರೆ, ಆ ಕತ್ತಲೆಯಲ್ಲಿ ಒಂದೇ ಒಂದು ಬಾಲ್ಕನಿ ಝಗಝಗಿಸುತ್ತಿತ್ತು. ಅದು ಅವಳದೇ ಮನೆ. ಕೆಳಗೆ ಕೇರಿಯ ಹುಡುಗರು “ಆಲೋ ನೇಭಾವ್!” ಎಂದು ದೀಪ ಆರಿಸುವಂತೆ ಅರಚುತ್ತಿದ್ದರು. ಅವಳು ಓಡಿ ಮೇಲೆ ಹತ್ತಿದಳು. ವೇದವತಮ್ಮ ಕಂಬಿಯುದ್ದಕ್ಕೂ ಹಣತೆ ಹಚ್ಚಿಟ್ಟು ಬತ್ತಿ ಸರಿಮಾಡುತ್ತಿದ್ದರು.

“ಕಾರ್ತಿಕ ಅಲ್ವೇನೆ,” ಎಂದರು.

ಕಾರ್ತಿಕ ಮುಗಿದು ದಿನಗಳಾಗಿದ್ದವು. ಗಿರಿಜಾ ಒಂದೊಂದೇ ಹಣತೆ ಆರಿಸುತ್ತಾ ಬಂದಳು. ಅಮ್ಮ ಅವಳ ಹಿಂದೆಯೇ ಬಂದು, “ಯಾಕೆ ಆರಿಸ್ತಿದ್ದೀಯ? ಯಾರು ಹೋದರು?” ಎಂದು ಕೇಳಿದರು.

ಅಲ್ಲಿಂದ ಶುರು. ಊರಿನ ಕಡೆ ಅರಳುಮರಳು ಅನ್ನುತ್ತಾರೆ, ನಕ್ಕು ಬಿಡುತ್ತಾರೆ. ಇದು ನಗುವಂಥದಾಗಿರಲಿಲ್ಲ. ಮೊದಲು ಹೋದದ್ದು ಬಂಗಾಳಿ. ನಲವತ್ತೈದು ವರ್ಷ ಆಡಿದ ಭಾಷೆ ಒಂದು ಮಳೆಗಾಲ ಮುಗಿಯುವುದರೊಳಗೆ ಅಳಿಸಿಹೋಗಿ ಬರೀ ಅರಕಲಗೂಡಿನ ಕನ್ನಡ ಉಳಿಯಿತು. ಲಾವಣ್ಯದಿ ಬಂಗಾಳಿಯಲ್ಲಿ, ವೇದವತಮ್ಮ ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡುತ್ತಾ ಕೂತಿರುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಜಗಳವಾಗುತ್ತಿರಲಿಲ್ಲ. ಆಮೇಲೆ ಒಲೆ ಹಚ್ಚಿ ಮರೆಯುವುದು. ಆಮೇಲೆ ಸ್ನಾನ ಬೇಡವೆನ್ನುವುದು, ಹೊಡೆಯುವುದು. ಒಂದು ಮಧ್ಯಾಹ್ನ ಲಾವಣ್ಯದಿ ತೂಕಡಿಸಿದ ಹೊತ್ತಿನಲ್ಲಿ ವೇದವತಮ್ಮ ಹೊರಗೆ ಹೋಗಿಬಿಟ್ಟಿದ್ದರು. ವಿಷ್ಣುಮೂರ್ತಿ ಹೋಟೆಲು ಮುಚ್ಚಿ ಜನರನ್ನು ನಾಲ್ಕು ದಿಕ್ಕಿಗೂ ಅಟ್ಟಿದರು. ಖಿದಿರ್‌ಪುರದ ಹಳೆಯ ಮನೆಯ ಜಗಲಿಯ ಮೇಲೆ ಅವರು ಕೂತಿದ್ದರು, ಗಂಡ ಆಫೀಸಿನಿಂದ ಇನ್ನೂ ಬಂದಿಲ್ಲವಲ್ಲ ಎಂದು ಚಿಂತೆ ಮಾಡುತ್ತಾ.

ಅಂಥದ್ದರಲ್ಲಿ ಗಿರಿಜಾಳಿಗೆ ಗೌಹಾಟಿಗೆ ವರ್ಗವಾಯಿತು. ವರ್ಗವಾದರೆ ಕ್ವಾರ್ಟರ್ಸೂ ಬಿಡಬೇಕು. ಅವಳು ಮೇಲಧಿಕಾರಿಯ ಮುಂದೆ ನಿಂತಳು. ಅವರು ಕೆಟ್ಟವರಲ್ಲ. “ನೋಡಿ, ಎಲ್ಲರ ಮನೆಯಲ್ಲೂ ವಯಸ್ಸಾದವರಿದ್ದಾರೆ,” ಎಂದರು. “ಮುಪ್ಪು ಅಂತ ನಾನು ವರ್ಗ ನಿಲ್ಲಿಸೋಕಾಗಲ್ಲ. ಮಾನಸಿಕ ರೋಗ ಅಂತ ಸರ್ಕಾರಿ ಡಾಕ್ಟರುಗಳ ಬೋರ್ಡು ಬರೆದುಕೊಟ್ಟರೆ ಮೇಲಿನವರನ್ನ ಕೇಳಿ ನೋಡಬಹುದು.”

ಸುದ್ದಿ ಕೇಳಿ ಬಾಲಚಂದ್ರ ರೂರ್ಕೆಲಾದಿಂದ ಬಂದ.

“ಅಮ್ಮನ್ನ ಹುಚ್ಚಿ ಅಂತ ಸರ್ಕಾರದಲ್ಲಿ ಬರೆಸ್ತೀಯಾ?”

“ಬರೆಸದೆ ಇನ್ನೇನು ಮಾಡಲಿ ಅಣ್ಣ? ಇವಳನ್ನ ಕರ್ಕೊಂಡು ಗೌಹಾಟಿಗೆ ಹೋಗಿ, ಹೊಸ ಊರಲ್ಲಿ ಬೀಗ ಹಾಕಿ ಆಫೀಸಿಗೆ ಹೋಗ್ಲಾ?”

“ನಮ್ಮ ಶೋಭನಾಗೆ ಗಂಡು ನೋಡ್ತಿದೀವಿ. ಅಜ್ಜಿಗೆ ಹುಚ್ಚು ಅಂತ ಒಂದು ಮಾತು ಹೊರಗೆ ಬಿದ್ರೆ ಯಾರು ಬರ್ತಾರೆ? ಒಂದು ಸಲ ಬರೆದದ್ದನ್ನ ಅಳಿಸೋಕಾಗಲ್ಲ ಗಿರಿಜಾ.”

“ಹಾಗಾದ್ರೆ ನೀನು ಕರ್ಕೊಂಡು ಹೋಗು.”

ಅವನು ಕಿಟಕಿಯ ಕಡೆ ನೋಡುತ್ತಾ ನಿಂತ. ಅಮ್ಮ ಅವನನ್ನು ನೋಡಿ, “ಇವರಿಗೆ ಕಾಫಿ ಕೊಟ್ಯೇನೆ? ಪಾಪ, ಹೊತ್ತಾಯ್ತು, ಹೋಗ್ಬೇಕೇನೋ,” ಎಂದರು. ಬಾಲಚಂದ್ರ ಅಂದೇ ಸಂಜೆಯ ಗಾಡಿ ಹಿಡಿದ. ಶೋಭನಾಳ ಮದುವೆಯಾದದ್ದು ಗಿರಿಜಾಳಿಗೆ ತಿಳಿದದ್ದು ಬೇರೆಯವರ ಬಾಯಿಂದ.

* * *

ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ಬಾಲಚಂದ್ರನ ಹೆಂಡತಿ ಅಂಬುಜಾ ಮೆಟ್ಟಿಲು ಹತ್ತುವಾಗಲೇ ಅಳತೊಡಗಿದ್ದಳು. ಒಳಗೆ ಬಂದವಳೇ ಅತ್ತೆಯ ಕಾಲ ಬಳಿ ಕುಸಿದು, “ಅಯ್ಯೋ ಅತ್ತೇ, ಕೊನೇಗಾಲಕ್ಕೆ ಮುಖ ನೋಡೋ ಭಾಗ್ಯ ಇಲ್ದೆ ಹೋಯ್ತೇ,” ಎಂದು ಹಾಡಿಹಾಡಿ ಅತ್ತಳು. ಬಾಲಚಂದ್ರ ಗೋಡೆಗೆ ಒರಗಿ ನಿಂತ. ಅವನ ತಲೆಯೆಲ್ಲ ನೆರೆತಿತ್ತು. ಗಿರಿಜಾ ಅವನಿಗೆ ನೀರು ತಂದುಕೊಟ್ಟಳು. ಅವನು ಕುಡಿದು ಲೋಟ ವಾಪಸು ಕೊಟ್ಟ.

ಅಂಬುಜಾ ಸೆರಗಿನಿಂದ ಮುಖ ಒರೆಸಿಕೊಂಡು ನಾದಿನಿಯನ್ನು ದಿಟ್ಟಿಸಿದಳು.

“ನಿನ್ನ ಕಣ್ಣಲ್ಲಿ ಒಂದು ಹನಿಯೂ ಇಲ್ವಲ್ಲ ಗಿರಿಜಾ?”

“ಇಲ್ಲ ಅತ್ತಿಗೆ.”

“ಹೆತ್ತವಳು ಕಣೇ!”

ಬೆಳಗಿನಿಂದ ಗಿರಿಜಾ ಒಂದು ಮಾತನ್ನು ಒಳಗೇ ಹಿಡಿದುಕೊಂಡಿದ್ದಳು. ಹೇಳಬಾರದ ಮಾತು ಎಂದು ಹಲ್ಲು ಕಚ್ಚಿದ್ದಳು.

“ನನಗೆ ಹಗುರ ಆಗಿದೆ ಅತ್ತಿಗೆ. ಸುಳ್ಳು ಯಾಕೆ ಹೇಳಲಿ. ನಿನ್ನೆ ಸಂಜೆ ಅವಳ ಉಸಿರು ನಿಂತಾಗ ಮೊದಲು ಅನ್ನಿಸಿದ್ದು, ಅಬ್ಬ, ಅಂತ. ಅವಳಿಗೂ ಬಿಡುಗಡೆ, ನನಗೂ.”

ಕನ್ನಡ ತಿಳಿಯದಿದ್ದರೂ ಅಲ್ಲಿ ನಡೆದದ್ದೆಲ್ಲ ತಿಳಿದಂತೆ ಲಾವಣ್ಯದಿ ಬಂದು ಗಿರಿಜಾಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಬಾಗಿಲಲ್ಲಿದ್ದ ವಿಷ್ಣುಮೂರ್ತಿ ಅಂಬುಜಾಳಿಗೆ ಮೆಲ್ಲಗೆ ಹೇಳಿದರು: “ಅತ್ತದ್ದೆಲ್ಲ ಮೊದಲೇ ಆಗಿದೆ ಅಮ್ಮಾ. ನಾವು ನೋಡಿದವರು.”

ಅಷ್ಟರಲ್ಲಿ ಮೆಟ್ಟಿಲ ಕಡೆ ಜನ ಸರಿದು ದಾರಿ ಬಿಟ್ಟರು. ಡಾಕ್ಟರ್ ಸಾನ್ಯಾಲ್ ಬಂದರು. ಸರ್ಕಾರಿ ಡಿಸ್ಪೆನ್ಸರಿಯ ದೊಡ್ಡ ಡಾಕ್ಟರು, ನಿವೃತ್ತಿಯ ಅಂಚಿನಲ್ಲಿದ್ದವರು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಮನೆಗೇ ಬಂದು ವೇದವತಮ್ಮನನ್ನು ನೋಡುತ್ತಿದ್ದರು. ಕೈಯಲ್ಲಿದ್ದ ರಜನೀಗಂಧದ ಹೂ ಪಾದದ ಬಳಿ ಇಟ್ಟು ಕೈಮುಗಿದರು. ಗಿರಿಜಾ ಅಣ್ಣನ ಪರಿಚಯ ಹೇಳಿದಳು.

“ಓ, ನೀವೇ ಮಗ,” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. “ನಿಮ್ಮ ತಾಯಿಯಂಥ ರೋಗಿಯನ್ನ ನಾನು ಕಂಡಿಲ್ಲ. ಮೂರು ಜನ ಡಾಕ್ಟರುಗಳ ಮುಂದೆ ಕೂತು, ತನ್ನನ್ನ ನೋಡ್ಕೊಳ್ಳೋಳ ಪರವಾಗಿ ತಾನೇ ಅರ್ಜಿ ಹಾಕಿದರು. ನಾನು ಮಂಜೂರು ಮಾಡಿದೆ, ಅಷ್ಟೇ.”

ಬಾಲಚಂದ್ರನಿಗೆ ಅರ್ಥವಾಗಲಿಲ್ಲ. ಡಾಕ್ಟರು ಹೋದ ಮೇಲೆ ಅವನು ಗಿರಿಜಾಳನ್ನು ಬಾಲ್ಕನಿಗೆ ಕರೆದ. ಎರಡು ವರ್ಷದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು ಅದು.

“ಅಮ್ಮ ಆವತ್ತು ಏನು ಹೇಳಿದ್ಲು?”

ಗಿರಿಜಾ ಹೇಳಿದಳು.

* * *

ಬೋರ್ಡಿನ ದಿನ ವೇದವತಮ್ಮ ಎಂದೂ ಇಲ್ಲದ ಹಾಗೆ ಚೆನ್ನಾಗಿದ್ದರು. ತಕರಾರಿಲ್ಲದೆ ಸ್ನಾನ ಮಾಡಿ ಒಗೆದ ಸೀರೆ ಉಟ್ಟರು. ಟ್ಯಾಕ್ಸಿಯಲ್ಲಿ ಕೈಕಟ್ಟಿ ಕೂತರು. ಗಿರಿಜಾ ಲೆಕ್ಕ ಹಾಕಿದಳು. ಇವಳು ಹೀಗೇ ಇದ್ದರೆ ಇವಳಿಗೆ ಏನೂ ಆಗಿಲ್ಲವೆಂದು ಬರೆದು ಕಳಿಸುತ್ತಾರೆ, ಗೌಹಾಟಿ ತಪ್ಪುವುದಿಲ್ಲ. ಅಮ್ಮ ಹುಚ್ಚುಹುಚ್ಚಾಗಿ ಆಡಲಿ ಎಂದು ದೇವರನ್ನು ಬೇಡುವಂಥ ಗತಿ ಬಂತಲ್ಲ ಎಂದುಕೊಂಡು, ಬೇಡದೆಯೇ ಕೂತಳು.

ಮೇಜಿನ ಹಿಂದೆ ಮೂವರು ಡಾಕ್ಟರುಗಳು. ವೇದವತಮ್ಮ ಕೈಮುಗಿದು, “ಎಲ್ಲರದ್ದೂ ಊಟ ಆಯ್ತೆ?” ಎಂದರು. ಗಿರಿಜಾ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರುಗಳು ನಕ್ಕರು. ಕಿರಿಯ ಡಾಕ್ಟರು ಹೆಸರು ಕೇಳಿದರು, ಹೇಳಿದರು. ಊರು ಕೇಳಿದರು, ಅರಕಲಗೂಡು ಎಂದರು. ಮಕ್ಕಳೆಷ್ಟು? ಇಬ್ಬರು. ಕಿರಿಯ ಡಾಕ್ಟರು ಪಕ್ಕಕ್ಕೆ ತಿರುಗಿ, ಈ ವಯಸ್ಸಿಗೆ ಇವರು ಚೆನ್ನಾಗಿಯೇ ಇದ್ದಾರಲ್ಲ ಎಂದರು.

ಆಗ ನಡುವೆ ಕೂತಿದ್ದ ಡಾಕ್ಟರ್ ಸಾನ್ಯಾಲ್, ಗಿರಿಜಾಳ ಕಡೆ ಕೈ ತೋರಿಸಿ, ಇವರು ಯಾರೆಂದು ಕೇಳಲು ಹೇಳಿದರು.

“ಅಮ್ಮ, ನಾನು ಯಾರು ಅಂತ ಕೇಳ್ತಿದಾರೆ.”

ವೇದವತಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೇಜಿನ ಕಡೆ ಬಾಗಿ, ಅವಳಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

“ಇವಳು ನಮ್ಮನೆ ಅಡುಗೆಯವಳು. ಬಹಳ ಒಳ್ಳೆಯವಳು, ಆದ್ರೆ ಸೊರಗಿಹೋಗಿದಾಳೆ ನೋಡಿ. ನಮ್ಮನೇಲಿ ಯಾವಳೋ ಒಬ್ಬ ಮುದುಕಿ ಬಂದು ಸೇರ್ಕೊಂಡಿದಾಳೆ. ರಾತ್ರಿಯೆಲ್ಲ ಇವಳನ್ನ ಎಬ್ಬಿಸ್ತಾಳೆ, ಹೊಡೀತಾಳೆ. ನಾನು ಹೇಳಿದ್ರೆ ಆ ಮುದುಕಿ ಕೇಳಲ್ಲ. ನೀವು ದೊಡ್ಡೋರು. ಇವಳಿಗೆ ಒಂದಷ್ಟು ದಿನ ರಜ ಕೊಡಿಸಿ.”

ಮೂವರೂ ಗಿರಿಜಾಳ ಮುಖ ನೋಡುತ್ತಿದ್ದರು. ಅವಳು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ರಜೆಯ ಮಾತನ್ನೂ ಹೇಳಿದಳು.

“ಆ ಮುದುಕಿ ಯಾರು?” ಎಂದರು ಕಿರಿಯ ಡಾಕ್ಟರು.

“ಇವರೇ,” ಎಂದಳು ಗಿರಿಜಾ.

ಈ ಸಲ ಯಾರೂ ನಗಲಿಲ್ಲ. ಡಾಕ್ಟರ್ ಸಾನ್ಯಾಲ್ ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಹುಚ್ಚಲ್ಲ,” ಎಂದರು. “ಮಿದುಳು ಸವೆಯೋ ಕಾಯಿಲೆ. ಅದಕ್ಕೊಂದು ಹೆಸರಿದೆ, ಔಷಧಿ ಇಲ್ಲ. ಜೊತೇಲಿ ಒಬ್ಬರು ಇರಬೇಕು. ಇವರ ಭಾಷೆ ತಿಳಿದವರು ಈ ಊರಲ್ಲಿ ನೀವು ಬಿಟ್ಟರೆ ಎಷ್ಟು ಜನ ಸಿಗ್ತಾರೆ?”

ಎರಡು ವರ್ಷ ವರ್ಗವಿಲ್ಲ ಎಂದಾಯಿತು. ಕ್ವಾರ್ಟರ್ಸ್ ಉಳಿಯಿತು. ಅಮ್ಮನಿಗೆ ತೀರಾ ಕೆಟ್ಟಾಗ ಅರ್ಧ ಸಂಬಳದ ರಜೆ. ತಿಂಗಳಿಗೊಮ್ಮೆ ಡಾಕ್ಟರು ಮನೆಗೇ ಬರುವುದು. ಸರ್ಕಾರ ಕೊಟ್ಟದ್ದು ಇಷ್ಟೇ. ಬೇರೆ ಯಾರಿಗಾದರೂ ಇದು ಹೆಚ್ಚೆನಿಸದು. ಆದೇಶ ಬಂದ ದಿನ ಗಿರಿಜಾ ಆಫೀಸಿನಿಂದ ನೇರ ಕಾಳಿಘಾಟಿಗೆ ಹೋಗಿ ಸಾಲಿನಲ್ಲಿ ನಿಂತಳು. ಗರ್ಭಗುಡಿಯ ಮುಂದೆ ಹೋದಾಗ ಏನು ಬೇಡಬೇಕೆಂದು ತೋಚದೆ, ಸುಮ್ಮನೆ ಕೈಮುಗಿದು ಬಂದಳು.

* * *

ಬಾಲಚಂದ್ರ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದ. ಕೆಳಗೆ ಪುರೋಹಿತರು ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು.

“ಮುದುಕಿ ಅಂದ್ಲಾ?” ಎಂದ. “ತನ್ನನ್ನೇ?”

“ಹೂಂ.”

ಅವನು ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು, ಹೆಗಲು ಅಲುಗಿತು. ಗಿರಿಜಾಳಿಗೂ ನಗು ತಡೆಯಲಿಲ್ಲ. ಹೆಣ ಮನೆಯೊಳಗಿರುವಾಗ ಅಣ್ಣ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವುದನ್ನು ಕಿಟಕಿಯಿಂದ ನೋಡಿದ ಅಂಬುಜಾ ಏನೂ ಅನ್ನದೆ ಒಳಗೆ ಸರಿದಳು.

“ಶೋಭನಾ ಮದುವೆ ಮಾತುಕತೇಲಿ ಗಂಡಿನ ಕಡೆಯವರು ಎಲ್ಲಾ ಕೇಳಿದ್ರು,” ಎಂದ ಬಾಲಚಂದ್ರ, ಮೂಗು ಒರೆಸಿಕೊಳ್ಳುತ್ತಾ. “ಗೋತ್ರ, ನಕ್ಷತ್ರ, ಹುಡುಗಿಗೆ ಸಂಗೀತ ಬರುತ್ತಾ ಅಂತ. ಅಜ್ಜಿ ವಿಷಯ ಮಾತ್ರ ಯಾರೂ ಕೇಳಲಿಲ್ಲ ಗಿರಿಜಾ. ನಾನು ಅಲ್ಲೀವರೆಗೂ ಉತ್ತರ ತಯಾರು ಮಾಡ್ಕೊಂಡು ಕೂತಿದ್ದೆ. ಯಾರೂ ಕೇಳಲೇ ಇಲ್ಲ.”

“ಬಂದು ಹೇಳೋದಲ್ವಾ?”

“ಯಾವ ಮುಖ ಇಟ್ಕೊಂಡು ಬರಲಿ?”

“ಇದೇ ಮುಖ. ಅವಳಿಗೆ ಹೇಗೂ ಗುರುತು ಸಿಗ್ತಿರಲಿಲ್ಲ. ಕಾಫಿ ಕೊಡ್ತಿದ್ಲು.”

ವಿಷ್ಣುಮೂರ್ತಿಯೂ ಹೋಟೆಲಿನ ಮೂವರು ಕೆಲಸದವರೂ ಚಟ್ಟಕ್ಕೆ ಹೆಗಲು ಕೊಡಲು ಬಂದರು. ಬಾಲಚಂದ್ರ ಮುಂದೆ ನಿಂತ. ಕೇವಡಾತಲಾದ ಸ್ಮಶಾನಕ್ಕೆ ನೀನೂ ಬರುತ್ತೀಯಾ, ಬರುವುದಾದರೆ ಯಾರೇನಾದರೂ ಅಂದುಕೊಳ್ಳಲಿ, ಕರೆದುಕೊಂಡು ಹೋಗುತ್ತೇನೆ ಎಂದು ತಂಗಿಯನ್ನು ಕೇಳಿದ.

“ಬೇಡ ಅಣ್ಣ. ನೀನು ಕಳಿಸಿ ಬಾ. ನಾನು ಸ್ನಾನ ಮಾಡ್ತೀನಿ.”

ಗಾಡಿ ಓಣಿ ದಾಟಿತು. ಲಾವಣ್ಯದಿ ತಮ್ಮ ಮನೆಯ ಒಲೆಯಲ್ಲಿ ಹಂಡೆ ತುಂಬ ನೀರು ಕಾಯಿಸಿ ಮೇಲೆ ತರಿಸಿದ್ದರು. ಗಿರಿಜಾ ಬಚ್ಚಲಿನ ಬಾಗಿಲು ಪೂರ್ತಿ ಮುಚ್ಚಿ ಅಗಣಿ ಹಾಕಿದಳು. ಹೊರಗೆ ಏನಾದರೂ ಬೀಳುತ್ತದೆಯೇ, ಯಾರಾದರೂ ಕೂಗುತ್ತಾರೆಯೇ ಎಂದು ಅಭ್ಯಾಸಬಲದಿಂದ ಕಿವಿ ನಿಮಿರಿತು. ಏನೂ ಇಲ್ಲ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಳು. ಮತ್ತೊಂದು ತಂಬಿಗೆ, ಮತ್ತೊಂದು. ನೀರು ಮುಗಿಯುವವರೆಗೂ ಸ್ನಾನ ಮಾಡಿದಳು.

ಗಂಡಸರು ವಾಪಸು ಬಂದಾಗ ಹೊತ್ತು ಇಳಿದಿತ್ತು. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ವಿಷ್ಣುಮೂರ್ತಿಯ ಹೋಟೆಲಿನಿಂದ ಅನ್ನ, ಸಾರು, ಮಜ್ಜಿಗೆ ಬಂದಿತ್ತು. ಅಂಬುಜಾ ಸೆರಗು ಸಿಕ್ಕಿಸಿ ಬಡಿಸಲು ನಿಂತಳು. ಗಿರಿಜಾಳ ಎಲೆಗೆ ಅನ್ನ ಹಾಕಿ, ಮೇಲೆ ಹಬೆಯಾಡುವ ಸಾರು ಬಿಟ್ಟು, ಒರಟಾಗಿಯೇ, “ತಿನ್ನು. ಮೂಳೆ ಬಿಟ್ಕೊಂಡಿದೀಯ,” ಎಂದಳು.

ಗಿರಿಜಾ ತಿಂದಳು. ಮಧ್ಯದಲ್ಲಿ ಒಮ್ಮೆಯೂ ಏಳಲಿಲ್ಲ. ಕೇಳದೆಯೇ ಅಂಬುಜಾ ಎರಡನೆಯ ಸಲ ಬಡಿಸಿದಳು, ಅದನ್ನೂ ತಿಂದಳು. “ಇನ್ನೊಂಚೂರು ಸಾರು ಅತ್ತಿಗೆ,” ಎಂದಳು. ಅಂಬುಜಾ ಸಾರಿನ ಪಾತ್ರೆ ತರಲು ತಿರುಗಿ ಮತ್ತೆ ಇತ್ತ ಬರುವಷ್ಟರಲ್ಲಿ ಗಿರಿಜಾಳ ತಲೆ ಗೋಡೆಗೆ ಒರಗಿತ್ತು. ಬಾಯಿ ಚೂರು ತೆರೆದಿತ್ತು, ಕಲಸಿದ ಅನ್ನದ ಮೇಲೆ ಕೈ ಹಾಗೇ ಇತ್ತು. ಸಣ್ಣಗೆ ಗೊರಕೆ ಕೇಳಿಸಿತು.

ಎಬ್ಬಿಸಲು ಬಾಗಿದ ಹೆಂಡತಿಗೆ ಬಾಲಚಂದ್ರ ಬೇಡವೆಂದು ಸನ್ನೆ ಮಾಡಿದ. ತನ್ನ ಎಲೆಯ ಮುಂದಿನಿಂದ ಎದ್ದು, ತಂಬಿಗೆಯಲ್ಲಿ ನೀರೂ ಒಂದು ಬೋಗುಣಿಯೂ ತಂದು ತಂಗಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವಳ ಬಲಗೈಯನ್ನು ಎಲೆಯಿಂದ ಮೆಲ್ಲಗೆ ಎತ್ತಿ ಬೋಗುಣಿಯ ಮೇಲೆ ಹಿಡಿದ. ಎಚ್ಚರವಾಗದ ಹಾಗೆ ಸಣ್ಣಗೆ ನೀರು ಬಿಡುತ್ತಾ, ಒಂದೊಂದೇ ಬೆರಳು ತೊಳೆಯತೊಡಗಿದ.